ಮೂಡಗಾಳಿಯ ನೆಪ

ಹವಾಮಾನದ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಬಹಳ ಬೆಲೆಯಿದೆ. ಇವತ್ತು ಮಳೆ ಬರುವುದಿಲ್ಲ ಅಂತ ನಾನು ಅಂದರೆ ಸಾಕು, ನನ್ನ ಹೆಂಡತಿ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ರಾಗಿ ಮೆದೆಗೆ ಟಾರ್ಪಾಲು ಹೊದಿಸುತ್ತಾಳೆ. ಮಳೆ ಬಂದೇ ಬರುತ್ತದೆ ಅಂದರೆ ಒಗೆದ ಬಟ್ಟೆಯನ್ನೆಲ್ಲ ಧೈರ್ಯವಾಗಿ ಹೊರಗೆ ಒಣಹಾಕುತ್ತಾಳೆ. ಈ ಪದ್ಧತಿಯಿಂದ ಅವಳಿಗೆ ಮೋಸವಾದದ್ದು ಕಡಿಮೆ. ಈಚೆಗೆ ಪಕ್ಕದ ಮನೆಯವರೂ ಕಾಂಪೌಂಡಿನ ಮೇಲಿಂದ ತಲೆ ಹಾಕಿ, ನಿಮ್ಮ ಯಜಮಾನರು ಏನಂದರು ಅಂತ ಕೇಳಿಕೊಂಡು ಹೋಗುತ್ತಾರೆ.

ಇಂಥ ನಾನು ಹೋದ ಕಾರ್ತಿಕ ಮಾಸದಲ್ಲಿ ಒಂದು ಬೆಳಗ್ಗೆ ಒಬ್ಬ ಮನುಷ್ಯನ ಮುಂದೆ ಕೂತು ಗಾಳಿ, ಮೋಡ, ಚಳಿ, ನೀರಿನ ಬಣ್ಣ ಎಲ್ಲದರ ಮೇಲೂ ಉಪನ್ಯಾಸ ಕೊಟ್ಟೆ. ಅವನು ಮೀನು ಹಿಡಿಯಲು ಹೊರಟಿದ್ದ. ಅವನು ಹೋಗದ ಹಾಗೆ ನೋಡಿಕೊಳ್ಳುವ ಕೆಲಸ ನನಗೆ ಬಿದ್ದಿತ್ತು.

ಅವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನಾನು ಅಣ್ಣಾ ಅಂತ ಕರೆಯುತ್ತೇನೆ. ಊರಿಗಾಮಿನಲ್ಲಿ ಗಣಿ ಕೆಲಸಗಾರರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದು, ಚಿನ್ನದ ಗಣಿ ಮುಚ್ಚುವ ಮೊದಲು ಕೆಲವು ವರ್ಷ ಚಾಂಪಿಯನ್ ರೀಫ್ಸ್‌ನಲ್ಲಿ ಭೂಮಿಯ ಹೊಟ್ಟೆಯೊಳಕ್ಕೆ ಇಳಿದು ಕೆಲಸ ಮಾಡಿದವನು. ಗಣಿ ಮುಚ್ಚಿದ ಮೇಲೆ ಆಟೋ ಓಡಿಸಿದ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡುತ್ತಾನೆ. ನಾನು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯ ಹಳ್ಳಿಯವನು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾ, ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕಡೆಯ ಫ್ಯಾಕ್ಟರಿಗೂ ಹೋಗಿ ಬರುತ್ತಾ, ಎರಡೂ ಕಡೆ ಬೈಸಿಕೊಂಡು ಬದುಕುತ್ತಿದ್ದೇನೆ. ಗಾಳ ಹಾಕುವುದನ್ನು ನನಗೆ ಕಲಿಸಿದವನು ಅವನೇ. ಕಲಿಸಿದ್ದು ಅವನ ತಪ್ಪಲ್ಲ, ಕಲಿಯದೆ ಉಳಿದದ್ದು ನನ್ನ ಸಾಮರ್ಥ್ಯ. ನಾನು ಇದುವರೆಗೆ ಹಿಡಿದ ಮೀನುಗಳಲ್ಲಿ ಹೆಚ್ಚಿನವು, ನಾನು ನಿದ್ದೆ ಹೋಗಿದ್ದಾಗ ತಾವಾಗಿಯೇ ಸಿಕ್ಕಿಕೊಂಡ ಜಿಲೇಬಿ ಮೀನುಗಳು.

ಹೋದ ಬೇಸಿಗೆಯಲ್ಲಿ ಅಣ್ಣನಿಗೆ ಎದೆನೋವು ಬಂತು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ ಸ್ಟೆಂಟ್ ಹಾಕಿಸಿದೆವು. ಭಾರ ಎತ್ತಬೇಡಿ, ಏರು ಹತ್ತುವಾಗ ನಿಧಾನ, ಅಂತ ಡಾಕ್ಟರು ಹೇಳಿ ಕಳಿಸಿದರು. ಮನೆಯವರು ನೀರಿನ ಚೊಂಬನ್ನೂ ಭಾರದ ಲೆಕ್ಕಕ್ಕೆ ಸೇರಿಸಿದರು, ಬಾಗಿಲ ಹೊಸ್ತಿಲನ್ನೂ ಏರಿನ ಲೆಕ್ಕಕ್ಕೆ ಸೇರಿಸಿದರು. ಆಟೋ ಬಾಡಿಗೆಗೆ ಹೋಯಿತು. ಅವನು ಜಗುಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೋಗಿಬರುವವರನ್ನು ನೋಡುವ ಕೆಲಸಕ್ಕೆ ಬಿದ್ದ. ಒಂದು ಸಲ ನನ್ನ ಹತ್ತಿರ ಮಾತ್ರ ಹೇಳಿಕೊಂಡ: ಕೆರೆ ತುಂಬಲಿ, ಒಂದು ದಿನ ಹೋಗಿ ಗಾಳ ಹಾಕಿ ಬರೋಣ, ಅಷ್ಟಾದರೆ ನಾನು ಮೊದಲಿನ ಮನುಷ್ಯನೇ ಅಂತ ನನಗೇ ನಂಬಿಕೆ ಬರುತ್ತೆ. ನಾನು ಗೋಣು ಅಲ್ಲಾಡಿಸಿದ್ದೆ. ನಮ್ಮ ಕಡೆ ಕೆರೆ ತುಂಬುವುದು ಅಷ್ಟು ಸುಲಭವಲ್ಲ ಎಂಬ ಧೈರ್ಯದ ಮೇಲೆ ಅಲ್ಲಾಡಿಸಿದ್ದೆ.

ಆಮೇಲೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಚೆನ್ನೈ ಮೇಲೆ ಬೀಳುವ ಮಳೆಯ ಬಾಲ ಯಾವಾಗಲೂ ಕೋಲಾರದ ಮೇಲೆ ಬೀಳುತ್ತದೆ. ಈ ಸಲ ಬಾಲವೇ ಸಾಕಷ್ಟು ದಪ್ಪವಾಗಿತ್ತು. ಜಡಿಮಳೆ ಹಿಡಿದುಕೊಂಡಿತು. ಹಸುಗಳು ಕೊಟ್ಟಿಗೆಯಲ್ಲಿ ನಿಂತು ಇದಕ್ಕೆಲ್ಲ ನಾನೇ ಕಾರಣ ಎನ್ನುವ ಹಾಗೆ ನನ್ನ ಮುಖ ನೋಡುತ್ತಿದ್ದವು. ಕೊಯ್ದ ರಾಗಿ ಉಳಿದದ್ದು, ಮಳೆ ಬರುವುದಿಲ್ಲ ಅಂತ ನಾನು ಹೇಳಿದ್ದರಿಂದ. ಕೊನೆಗೆ ಒಂದು ಭಾನುವಾರ ಬೆಳಗ್ಗೆ ಮೋಡ ಹರಿದು ಬಿಸಿಲು ಬಂತು. ನಾನು ಹಾಲು ಕರೆದು ಡೈರಿಗೆ ಹಾಕಿ ಬರುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು.

“ಏನ್ಲಾ ತಮ್ಮಾ, ಕೋಡಿ ಬಿದ್ದೈತಂತೆ. ಎದ್ದು ಬಾ, ಓಗಣ,” ಅಂದ ಅಣ್ಣ.

ಕಾಮಸಮುದ್ರದ ಕಡೆ ಇರುವ ಆ ಕೆರೆ ತುಂಬಿ, ಹೆಚ್ಚಾದ ನೀರು ಕೋಡಿಯ ಮೇಲೆ ಹಾರಿ ಹೊರಗೆ ಹರಿಯುತ್ತಿದೆ ಎಂದು ಅವನಿಗೆ ಯಾರೋ ಹೇಳಿದ್ದರು. ಕೆರೆಯೊಳಗಿನ ಮೀನು ಗುತ್ತಿಗೆದಾರನದು. ಆದರೆ ಕೋಡಿ ದಾಟಿ ಈಚೆ ಬಿದ್ದ ಮೀನಿಗೆ ವಾರಸುದಾರರಿಲ್ಲ, ಹಿಡಿದವರದೇ. ಅದಕ್ಕೇ ಕೋಡಿ ಬಿದ್ದ ದಿನ ಸುತ್ತಲ ಹಳ್ಳಿಯವರೆಲ್ಲ ಅಲ್ಲಿರುತ್ತಾರೆ. ಬತ್ತೀನಿ ಇರು ಅಂದು ಫೋನು ಇಟ್ಟೆ. ಇಟ್ಟ ಕೂಡಲೇ ಮತ್ತೆ ಹೊಡೆದುಕೊಂಡಿತು. ಈ ಸಲ ಅವನ ಹೆಂಡತಿ. ಹಿತ್ತಲಿಗೆ ಬಂದು ಪಿಸುಗುಟ್ಟುತ್ತಿದ್ದಾಳೆ ಅಂತ ದನಿಯಲ್ಲೇ ಗೊತ್ತಾಯಿತು.

“ಏನಾದ್ರೂ ಏಳಿ ತಪ್ಪಿಸು ಕಣಪ್ಪಾ. ಕೆರೆ ಏರಿ ಅತ್ತಬೇಕು, ನೀರಲ್ಲಿ ನಿಲ್ಲಬೇಕು, ನಂಗೆ ಕೈಕಾಲೇ ಆಡ್ತಿಲ್ಲ. ನಾನು ಬೇಡ ಅಂದ್ರೆ ಜಗಳ ಆಗ್ತದೆ.”

“ಏನಂತ ಏಳ್ಲಿ ಅಕ್ಕಾ?”

“ಏನಾದ್ರೂ ಏಳು. ಎದೆ ವಿಷ್ಯ ಮಾತ್ರ ಎತ್ಬೇಡ. ಮೊನ್ನೆ ತವರಿಂದ ಬಂದ ನಮ್ಮಣ್ಣ ಎತ್ತಿದ್ದಕ್ಕೆ ಇವರು ಊಟದ ತಟ್ಟೆ ಅಂಗೇ ಬಿಟ್ಟು ಎದ್ದೋದ್ರು.”

ಇಂಥ ಕೆಲಸಕ್ಕೆ ಅಕ್ಕ ನನ್ನನ್ನು ಯಾಕೆ ಆರಿಸಿಕೊಂಡಳೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಯಾರಿಗಾದರೂ ಮುಖ ನೋಡಿ ಬೇಡ ಅನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಒಂದು ಸಲ ಮನೆ ಬಾಗಿಲಿಗೆ ಬಂದ ಮಿಕ್ಸಿ ಮಾರುವವನಿಗೆ ಬೇಡಪ್ಪ ಅನ್ನಲಾಗದೆ, ಮನೆಯಲ್ಲಿ ಹೆಂಗಸರಿಲ್ಲ, ಹೆಂಡತಿ ತವರಿಗೆ ಹೋಗಿದ್ದಾಳೆ ಅಂದಿದ್ದೆ. ಅದೇ ಹೊತ್ತಿಗೆ ಅವಳು ಒಳಗಿನಿಂದ ಇಬ್ಬರಿಗೂ ಕಾಫಿ ತಂದುಕೊಟ್ಟಳು. ಮಿಕ್ಸಿ ಈಗಲೂ ಅಟ್ಟದ ಮೇಲಿದೆ. ಆದರೂ ಅಕ್ಕನಿಗೂ ಆಗುವುದಿಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ. ಆಯ್ತು ಬಿಡಕ್ಕಾ, ನಾನು ನೋಡ್ಕೋತೀನಿ ಅಂದುಬಿಟ್ಟೆ. ಹೀಗೆ ಒಂದೇ ಬೆಳಗ್ಗೆ ಗಂಡನಿಗೆ ಕರೆದುಕೊಂಡು ಹೋಗುತ್ತೇನೆ ಅಂತಲೂ ಹೆಂಡತಿಗೆ ಕರೆದುಕೊಂಡು ಹೋಗುವುದಿಲ್ಲ ಅಂತಲೂ ಮಾತು ಕೊಟ್ಟು ಬೈಕ್ ಹತ್ತಿದೆ.

ದಾರಿಯುದ್ದಕ್ಕೂ ಯೋಚಿಸಿದೆ. ಬೈಕ್ ಕೆಟ್ಟಿದೆ ಅನ್ನೋಣ ಅಂದರೆ ಅದರ ಮೇಲೆ ಕೂತೇ ಹೋಗುತ್ತಿದ್ದೆ. ಹಸುವಿಗೆ ಹುಷಾರಿಲ್ಲ ಅನ್ನೋಣ ಅಂದರೆ ಅವನು ಹಸು ನೋಡಲು ಹೊರಟುಬಿಡುತ್ತಾನೆ. ಕೊನೆಗೆ ಉಳಿದದ್ದು ಹವಾಮಾನ. ಅದರ ಮೇಲೆ ತಪ್ಪು ಹೊರಿಸಿದರೆ ಅದು ಬಂದು ಜಗಳವಾಡುವುದಿಲ್ಲ.

ಊರಿಗಾಮಿಗೆ ಹೋದಾಗ ಅಣ್ಣ ಆಟೋ ಓಡಿಸುವಾಗಿನ ಹಳೇ ಖಾಕಿ ಅಂಗಿ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದ. ಅಂಗಿ ಈಗ ಭುಜದಲ್ಲಿ ಸಡಿಲ. ಗಾಳದ ಕಡ್ಡಿ ಎರಡೂ ಗೋಡೆಗೆ ಒರಗಿದ್ದವು, ಒಂದು ಅವನಿಗೆ, ಒಂದು ನನಗೆ. ದಾರಕ್ಕೆ ಹೊಸದಾಗಿ ಸೀಸ ಕಟ್ಟಿದ್ದ. ನನ್ನನ್ನು ಕಂಡು ನಕ್ಕ. ಆಸ್ಪತ್ರೆಯಿಂದ ಬಂದಮೇಲೆ ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಒಳಬಾಗಿಲಲ್ಲಿ ಅಕ್ಕ ನಿಂತು ಕಣ್ಣಲ್ಲೇ, ಶುರು ಮಾಡು ಅಂದಳು.

“ಅಣ್ಣಾ, ಮೂಡಗಾಳಿ ಬೀಸ್ತಾ ಐತಲ್ಲ,” ಅಂತ ನಾನು ಗಂಭೀರವಾಗಿ ಆಕಾಶ ನೋಡಿದೆ. “ಮೂಡಗಾಳಿಗೆ ಮೀನು ಬಾಯಿ ಬಿಡಲ್ಲ.”

ಅಣ್ಣ ಎದುರುಮನೆಯ ಮುಂದೆ ತಂತಿಯ ಮೇಲೆ ಒಣಹಾಕಿದ್ದ ಒಂದು ಲುಂಗಿಯ ಕಡೆ ನೋಡಿದ. ನಾನೂ ನೋಡಿದೆ. ಇಬ್ಬರೂ ಬಹಳ ಹೊತ್ತು ನೋಡಿದೆವು. ಲುಂಗಿಯ ಒಂದು ಎಳೆಯೂ ಅಲ್ಲಾಡಲಿಲ್ಲ.

“ಎಲ್ಲೈತ್ಲಾ ಗಾಳಿ?”

“ಕೆರೆ ಅತ್ರ ಇರ್ತದೆ. ಅದೂ ಅಲ್ದೆ ಮಳೆ ಬಿಟ್ಟ ಮಾರನೇ ದಿನ ನೀರು ಐಸ್ ಆಗಿರ್ತದೆ ಅಣ್ಣಾ. ಮೀನೆಲ್ಲ ತಳ ಸೇರ್ಕೊಂಡಿರ್ತವೆ.”

“ತಳದಾಗಿರೋದನ್ನ ಇಡಿಯೋಕೇ ಅಲ್ವೇನ್ಲಾ ಸೀಸ ಕಟ್ಟಿರೋದು?”

“ಒಸನೀರು. ಕೆಂಪಗಿರ್ತದೆ. ಮೀನಿಗೆ ಗಾಳ ಕಾಣಲ್ಲ.”

“ಕಾಣ್ದಿದ್ರೆ ಒಳ್ಳೇದಲ್ವಾ ಪಾ? ಗಾಳ ಕಂಡ ಮೇಲೆ ಯಾವ ಮೀನು ಕಚ್ತದೆ?”

ಮೀನಿನ ದೃಷ್ಟಿಯಿಂದ ನಾನು ಯಾವತ್ತೂ ಯೋಚಿಸಿರಲಿಲ್ಲ, ಬಹುಶಃ ಅದಕ್ಕೇ ನನಗೆ ಮೀನು ಸಿಗುವುದಿಲ್ಲ. ಕೊನೆಯ ಅಸ್ತ್ರವಾಗಿ ಮೊಬೈಲು ತೆಗೆದೆ. ಇದರಲ್ಲಿ ಹವಾಮಾನ ಬರುತ್ತೆ, ಮಧ್ಯಾಹ್ನಕ್ಕೆ ಗುಡುಗು ಸಿಡಿಲು ತೋರಿಸ್ತಾ ಐತೆ ನೋಡು, ಅಂತ ಅವನ ಮುಂದೆ ಹಿಡಿದೆ. ಹಿಂದಿನ ದಿನದವರೆಗೂ ಕಪ್ಪು ಮೋಡ ತೋರಿಸುತ್ತಿದ್ದ ಆ ಯಂತ್ರ ಈಗ ಸಂಜೆಯವರೆಗೂ ಸಾಲಾಗಿ ಹಳದಿ ಸೂರ್ಯರನ್ನು ತೋರಿಸುತ್ತಿತ್ತು. ಅಣ್ಣ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ವಾಪಸ್ ಕೊಟ್ಟ. ನಾನು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಕೆಮ್ಮಿದೆ.

ಅಕ್ಕ ಅಷ್ಟರಲ್ಲಿ ತನ್ನ ದಾರಿ ತಾನು ಹಿಡಿದಿದ್ದಳು. ಗಾಳಕ್ಕೆ ಸಿಕ್ಕಿಸಲು ನಾವು ರಾಗಿ ಮುದ್ದೆಯನ್ನು ಗಟ್ಟಿಯಾಗಿ ಕಟ್ಟಿಸಿಕೊಂಡು ಹೋಗುತ್ತೇವೆ. ನೀರಲ್ಲಿ ಕರಗಬಾರದು, ಹಾಗೆ ಗಟ್ಟಿ. ಅವಳು ತಟ್ಟೆಯಲ್ಲಿ ತಂದಿಟ್ಟ ಮುದ್ದೆ ತಟ್ಟೆಯ ಆಕಾರ ತೆಗೆದುಕೊಂಡು ಹರಡಿಕೊಂಡಿತ್ತು. ಅಣ್ಣ ಬೆರಳಲ್ಲಿ ಮುಟ್ಟಿದ, ಅಂಟಿಕೊಂಡಿತು. ಅವನು ಅಕ್ಕನ ಮುಖ ನೋಡಿದ. ಅಕ್ಕ ನನ್ನ ಮುಖ ನೋಡಿದಳು. ನಾನು ಲುಂಗಿಯನ್ನು ನೋಡಿದೆ.

“ಮದುವೆ ಆದಾಗಿಂದ ಕೈ ತಪ್ಪದಂಗೆ ಮುದ್ದೆ ಕಟ್ಟೋಳು, ಇವತ್ತು ಅಂಬಲಿ ಮಾಡವಳೆ,” ಅಂದು ಅವನೇ ಎದ್ದು ಒಳಗೆ ಹೋಗಿ ರಾಗಿ ಹಿಟ್ಟು ತಂದು, ಕೂತು, ನಿಧಾನವಾಗಿ ಕಲಸಿ ಗಟ್ಟಿ ಮಾಡಿದ. ಹಿಟ್ಟಿನ ಡಬ್ಬ ಎತ್ತಬೇಡಿ ಅಂತ ಅಕ್ಕನ ಬಾಯಿತುದಿಗೆ ಬಂತು. ನುಂಗಿಕೊಂಡಳು.

ಇನ್ನು ಒಂದೇ ದಾರಿ ಉಳಿದಿತ್ತು. ಮೀನಿಗೆ ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು ಅನ್ನುವುದು ನಮ್ಮಲ್ಲಿ ಗಟ್ಟಿಯಾದ ನಂಬಿಕೆ. ಯಾವ ಕೆಲಸಕ್ಕೆ ಹೊರಟವರನ್ನೂ ಕೇಳಬಾರದು, ಮೀನಿಗಂತೂ ಕೇಳಲೇಬಾರದು. ಕೇಳಿದರೆ ಶಕುನ ಕೆಟ್ಟಿತು. ಮನೆಯೊಳಗೆ ವಾಪಸ್ ಹೋಗಿ, ನೀರು ಕುಡಿದು, ಸ್ವಲ್ಪ ಕೂತು, ಮತ್ತೆ ಹೊಸದಾಗಿ ಹೊರಡಬೇಕು. ಮೇಲಿಂದ ಮೇಲೆ ಕೇಳಿಸಿಕೊಂಡರೆ ಆ ದಿನ ಬಿಟ್ಟುಬಿಡಬೇಕು. ಅಣ್ಣ ಗಣಿಗೆ ಇಳಿಯುತ್ತಿದ್ದ ಕಾಲದಿಂದಲೂ ಇದನ್ನು ಪಾಲಿಸಿಕೊಂಡು ಬಂದವನು. ಅಕ್ಕನಿಗೂ ಇದು ಗೊತ್ತು, ನನಗೂ ಗೊತ್ತು. ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಇದಕ್ಕೇ ಕೈಹಾಕಿದೆವು.

ನಾವು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದದ್ದೇ ತಡ, ಎದುರುಮನೆಯ ತಮಿಳು ಅಜ್ಜಿ ತನ್ನ ಬಾಗಿಲಿಗೆ ಬಂದು, “ಎಂಗ ಪೋರೀಂಗ?” ಅಂತ ಎಲ್ಲಿಗೆ ಹೊರಟಿರಿ ಅಂದಳು. ಕೇಳಿ ಅಕ್ಕನ ಕಡೆ ನೋಡಿದಳು, ಪಾಠ ಒಪ್ಪಿಸಿದವರು ಮೇಷ್ಟ್ರ ಕಡೆ ನೋಡುವಂತೆ. ಅಣ್ಣ ತಿರುಗಿ ಒಳಗೆ ಹೋದ. ನೀರು ಕುಡಿದ. ಕುರ್ಚಿಯಲ್ಲಿ ಕೂತ. ನನಗೆ ಬೇಜಾರಿನ ಮುಖ ಮಾಡಿಕೊಳ್ಳುವುದೇ ಕಷ್ಟವಾಯಿತು.

ಅವನು ಕೂತಿದ್ದಾಗ ನಾನು ಬೆಂಕಿಪೊಟ್ಟಣ ತರುತ್ತೇನೆ ಅಂತ ಲೈನಿನ ಕೊನೆಯ ಪೆಟ್ಟಿಗೆ ಅಂಗಡಿಗೆ ಹೋದೆ. ದಾರಿಯಲ್ಲಿ ಹೆಂಡತಿಗೆ ಫೋನು ಮಾಡಿ, ನಿಮ್ಮ ಭಾವನಿಗೆ ಈಗಲೇ ಫೋನ್ ಮಾಡಿ ಎಲ್ಲಿಗೆ ಹೊರಟಿದ್ದೀರ ಅಂತ ಕೇಳು ಅಂದೆ. ಅಂಗಡಿಯವನ ಹತ್ತಿರ, ನಾವು ಬೈಕಲ್ಲಿ ಈ ಕಡೆ ಬಂದಾಗ ಅಡ್ಡ ನಿಲ್ಲಿಸಿ ಎಲ್ಲಿಗೆ ಅಂತ ಕೇಳಬೇಕು, ಜೋರಾಗಿ ಕೇಳಬೇಕು, ಮರೆಯಬಾರದು ಅಂದೆ. ಅವನು ಯಾಕೆ ಅಂತ ಕೇಳಲಿಲ್ಲ. ಹಿಂದೆಯೂ ನಾನು ಅವನಿಗೆ ಇಂಥ ಕೆಲಸ ಹೇಳಿರಬೇಕು. ಎರಡೆರಡು ಕಡೆ ಬಲೆ ಬೀಸಿ, ಜೀವನದಲ್ಲಿ ಮೊದಲ ಸಲ ಪಕ್ಕಾ ಬೇಟೆಗಾರನಂತೆ ನಾನು ವಾಪಸ್ ಬಂದೆ.

ಬರುವಷ್ಟರಲ್ಲಿ ಅಣ್ಣ ನನ್ನ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಅವಳು ಕೇಳಬೇಕಾದದ್ದನ್ನು ಕೇಳಿದ್ದಳು. ಆದರೆ ಅಣ್ಣ ನಗುತ್ತಾ, “ಫೋನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲಮ್ಮಾ. ಕೇಳೋರ ಕಣ್ಣಿಗೆ ನನ್ನ ಕಾಲು ಕಾಣಿಸ್ಬೇಕು,” ಅಂತ ತೀರ್ಪು ಕೊಟ್ಟ. ಆಮೇಲೆ, ಸಾಯಂಕಾಲಕ್ಕೆ ಮೀನು ಸಾರಿಗೆ ಮಸಾಲೆ ರುಬ್ಬಿಡು ಅಂದ. ಆ ಕಡೆಯಿಂದ ನನ್ನ ಹೆಂಡತಿ ಹುಣಸೆಹಣ್ಣು ನೆನೆಸಿಡ್ತೀನಿ ಬಾವಾ ಅಂದದ್ದು ನನಗೂ ಕೇಳಿಸಿತು. ತಾನು ಯಾವ ಪಕ್ಷದಲ್ಲಿದ್ದೇನೆ ಅನ್ನುವುದನ್ನು ಅವಳು ಮಸಾಲೆಯ ಮಾತು ಬಂದ ಕೂಡಲೇ ಮರೆತುಬಿಟ್ಟಿದ್ದಳು.

ಅಂಗಡಿಯವನ ಮೇಲೆ ನನಗೆ ಭರವಸೆಯಿತ್ತು. ಬೈಕ್ ಹತ್ತಿರ ಬಂದಾಗ ಅವನು ಹೇಳಿದ ಹಾಗೆಯೇ ಎದ್ದು ರಸ್ತೆಗೆ ಬಂದು ಅಡ್ಡ ನಿಂತ. ನಾನು ಬ್ರೇಕ್ ಹಾಕಿದೆ. ಅವನು ಬಾಯಿ ತೆರೆದ. ಆದರೆ ಹಿಂದೆ ಕೂತಿದ್ದ ಅಣ್ಣನನ್ನು, ಖಾಕಿ ಅಂಗಿಯನ್ನು, ಗಾಳದ ಕಡ್ಡಿಯನ್ನು ನೋಡಿ ಅವನ ಮುಖವೇ ಬದಲಾಯಿತು. ಬಂದು ಅಣ್ಣನ ಎರಡೂ ಕೈ ಹಿಡಿದುಕೊಂಡ.

“ಅಣ್ಣಾ, ಎದ್ದು ಓಡಾಡಂಗಾದ್ಯಲ್ಲ. ಎಷ್ಟು ದಿನ ಆಗಿತ್ತು ನೋಡಿ. ಓಗಿ ಬಾ, ಚೆನ್ನಾಗಿ ಓಗಿ ಬಾ,” ಅಂದು ಒಂದು ಚಿಪ್ಪು ಬಾಳೆಹಣ್ಣು ಕಿತ್ತು ಚೀಲಕ್ಕೆ ಹಾಕಿದ.

ನನ್ನ ಬೆನ್ನ ಹಿಂದೆ ಅಣ್ಣ ಚೀಲವನ್ನು ಮಡಿಲಿಗೆ ಎಳೆದುಕೊಂಡ. ನಾನು ತಲೆ ತಗ್ಗಿಸಿ ಗೇರ್ ಹಾಕಿದೆ. ಆ ಹೊತ್ತಿನಲ್ಲಿ ನನ್ನ ಬಗ್ಗೆ ನನಗೆ ಅಸಹ್ಯವಾಯಿತು ಎಂದರೆ ಸುಳ್ಳಲ್ಲ. ಅದರ ಜೊತೆಗೇ, ಇನ್ನು ತಪ್ಪಿಸಲು ದಾರಿಯಿಲ್ಲ, ನಿಜವಾಗಿಯೂ ಹೋಗಬೇಕಲ್ಲ ಎಂದು ಭಯವೂ ಹತ್ತಿಕೊಂಡಿತು.

ಆ ದಿನ ನಾನು ಓಡಿಸಿದಷ್ಟು ನಿಧಾನವಾಗಿ ಆ ರಸ್ತೆಯಲ್ಲಿ ಯಾರೂ ಬೈಕ್ ಓಡಿಸಿರಲಾರರು. ಗುಂಡಿ ಕಂಡರೆ ಇಳಿದು ತಳ್ಳುವುದೊಂದು ಬಾಕಿ. ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬಗಳು ಮಳೆಗೆ ನೆನೆದು ಕಪ್ಪಗೆ ಕೂತಿದ್ದವು, ಒಂದು ಚೂರೂ ಧೂಳಿಲ್ಲ. ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಮುದುಕ ನಮ್ಮನ್ನು ಹಿಂದೆ ಹಾಕಿ, ಏನಾದರೂ ತೊಂದರೆಯಾ ಎನ್ನುವಂತೆ ತಿರುಗಿ ನೋಡಿದ. “ನಾನೇನು ಮೊಟ್ಟೆನೇನ್ಲಾ?” ಅಂದ ಅಣ್ಣ. ಪೆಟ್ರೋಲ್ ಉಳಿಸ್ತಾ ಇದೀನಿ ಅಂದೆ. ಬಂಗಾರಪೇಟೆ ದಾಟುವಾಗ ರೈಲ್ವೇ ಗೇಟು ಹಾಕಿರಲಿ ಅಂತ ಬೇಡಿಕೊಂಡೆ. ನನ್ನ ರೈಲು ತಪ್ಪುವ ದಿನಗಳಲ್ಲೆಲ್ಲ ತಪ್ಪದೆ ಹಾಕಿರುವ ಗೇಟು ಅವತ್ತು ಅಗಲವಾಗಿ ತೆರೆದಿತ್ತು.

ಕೆರೆಯ ಹತ್ತಿರ ಬಂದರೆ ಜನವೋ ಜನ. ಕೋಡಿಯ ಸದ್ದು ರಸ್ತೆಗೇ ಕೇಳುತ್ತಿತ್ತು. ಗಂಗಮ್ಮನಿಗೆ ಅರಿಶಿನ ಕುಂಕುಮ ಇಟ್ಟು ಹೆಂಗಸರು ಪೂಜೆ ಮುಗಿಸಿದ್ದರು. ಕೆಳಗಿನ ಕಾಲುವೆಯಲ್ಲಿ ಒಬ್ಬೊಬ್ಬರದು ಒಂದೊಂದು ಹತಾರು: ಹಳೇ ಸೀರೆ, ಸೊಳ್ಳೆಪರದೆ, ಮಂಕರಿ, ಒಬ್ಬನ ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಅವರಿಗೆಲ್ಲ ಮೀನು ಸಿಗುತ್ತಿತ್ತು. ನೀರು ಕೆಂಪಗಿತ್ತು, ತಣ್ಣಗಿತ್ತು, ಗಾಳಿ ಕೂಡ ಮೂಡಣದಿಂದಲೇ ಸಣ್ಣಗೆ ಬೀಸುತ್ತಿತ್ತು. ನಾನು ಬೆಳಗ್ಗೆ ಹೇಳಿದ ಲಕ್ಷಣಗಳೆಲ್ಲ ಇದ್ದವು, ಮೀನು ಮಾತ್ರ ನನ್ನ ಮಾತು ಕೇಳಿರಲಿಲ್ಲ.

ಅಣ್ಣ ಯಾವಾಗಲೂ ಕೂರುವ ಜಾಗ ಕೋಡಿಯ ಆಚೆಯ ಮಡು. ಅಲ್ಲಿಗೆ ಹೋಗಬೇಕಾದರೆ ಕೆರೆ ಏರಿ ಹತ್ತಿ, ಅದರ ಮೇಲೆ ನಡೆದು ಆ ಕಡೆ ಇಳಿಯಬೇಕು. ಏರಿ ದೊಡ್ಡದೇನಲ್ಲ. ಹೋದ ವರ್ಷ ಅವನು ಅದನ್ನು ಬೀಡಿ ಸೇದುತ್ತಾ ಹತ್ತಿದ್ದ. ನಾನು ಎರಡೂ ಕಡ್ಡಿ, ಚೀಲ, ಮುದ್ದೆ ಎಲ್ಲ ಹೊತ್ತು ಹಿಂದೆ ಹೊರಟೆ. ಅವನು ಮುಂದೆ ಹತ್ತಿದ. ಅರ್ಧಕ್ಕೆ ಬಂದಾಗ ನಿಂತ. ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡ. ಅವನ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಖಾಕಿ ಅಂಗಿ ಬೆವರಿಗೆ ಅಂಟಿಕೊಂಡಿತ್ತು.

ಆಗಲಾದರೂ ನಾನು ಏನಾದರೂ ಮನುಷ್ಯನ ಮಾತಾಡಬಹುದಿತ್ತು. ನಾನು ನಿಂತು ಪಡುವಣದ ಕಡೆ ನೋಡಿ, “ಅಣ್ಣಾ, ಅಲ್ಲೊಂದು ಮೋಡ ಎದ್ದಂಗೈತೆ. ಸ್ವಲ್ಪ ಕೂತು ನೋಡಣ,” ಅಂದೆ.

“ಮೋಡ ಬಿಡ್ಲಾ,” ಅಂದ. ಅಲ್ಲೇ ಒಂದು ಕಲ್ಲಿನ ಮೇಲೆ ಕೂತ. ನಾನು ಸಾಮಾನೆಲ್ಲ ಕೆಳಗಿಟ್ಟು ಅವನ ಪಕ್ಕ ಕೂತೆ. ನೋವು ಇದೆಯಾ ಅಂತ ಕಣ್ಣಲ್ಲೇ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದ, ಉಸಿರು ಮಾತ್ರ ಅಂತ ಕೈಯಲ್ಲಿ ತೋರಿಸಿದ. ಬಹಳ ಹೊತ್ತಿನ ಮೇಲೆ ಉಸಿರು ನೆಟ್ಟಗಾಯಿತು. ಅವನು ಕೆಳಗೆ ಸೀರೆ ಹಿಡಿದು ನಿಂತವರನ್ನು ನೋಡುತ್ತಾ ಮಾತಾಡಿದ.

“ಬೆಳಗ್ಗೆಯಿಂದ ನೋಡ್ತಾ ಇವ್ನಿ. ಗಾಳಿ ಅಂದೆ, ಚಳಿ ಅಂದೆ, ಮೊಬೈಲ್ ತೋರಿಸ್ದೆ. ಅವಳು ಮುದ್ದೆ ಕೆಡಿಸಿದ್ಲು, ಎದುರುಮನೆ ಅಜ್ಜೀನ ಬಾಗ್ಲಲ್ಲಿ ನಿಲ್ಲಿಸಿದ್ಲು. ನೀನು ಬೆಂಕಿಪೊಟ್ಣ ತರೋಕೆ ಅಂಗಡಿಗೆ ಓದೆ. ಎಲ್ಲೈತೆ ಬೆಂಕಿಪೊಟ್ಣ?”

ನನ್ನ ಕೈ ತಾನಾಗಿಯೇ ಜೇಬು ತಡಕಿತು. ಬೆಂಕಿಪೊಟ್ಟಣ ಕೊಳ್ಳುವುದನ್ನೇ ಮರೆತಿದ್ದೆ.

“ನಂಗೆ ನಿನ್ನೆಯಿಂದ ಭಯ ಕಣ್ಲಾ,” ಅಂದ ಅಣ್ಣ. “ಈ ಏರಿ ಅತ್ತೋಕೆ ಆಗ್ತದೋ ಇಲ್ವೋ ಅಂತ. ಬೆಳಗ್ಗೆ ನಿಂಗೆ ಫೋನ್ ಮಾಡ್ದಾಗ್ಲೂ ಭಯಾನೇ. ನೀನಾದ್ರೂ ಬೇಡ ಅಂತೀಯ ಅಂದ್ಕೊಂಡಿದ್ದೆ. ನಮಗೆ ಭಯ ಆಗ್ತದೆ ಓಗ್ಬೇಡ ಅಂತ ಒಬ್ರಾದ್ರೂ ಏಳಿದ್ರೆ ಸಾಕಿತ್ತು, ಕುರ್ಚಿ ಮೇಲೆ ಕೂತ್ಕೊತಿದ್ದೆ. ನೀವೆಲ್ಲ ಮೂಡಗಾಳಿ ಮೇಲೆ ಆಕಿಬಿಟ್ರಿ. ಗಾಳಿಗೆ ಎದ್ರಿಕೊಂಡು ಮನೇಲಿ ಕೂತ ಅಂತ ಎಂಗೆ ಅನ್ನಿಸ್ಕೊಳ್ಲಿ? ಅದಕ್ಕೇ ಬಂದೆ.”

ಅವನನ್ನು ಉಳಿಸುತ್ತೇವೆ ಅಂತ ನಾವು ಹೂಡಿದ ಒಂದೊಂದು ಆಟವೂ ಅವನನ್ನು ಒಂದೊಂದು ಹೆಜ್ಜೆ ಈ ಏರಿಯ ಕಡೆಗೇ ತಳ್ಳಿತ್ತು. ನೇರವಾಗಿ ಬೇಡ ಅನ್ನಲಾರದ ನನ್ನ ಗುಣವನ್ನು ನಾನು ಅಲ್ಲಿಯವರೆಗೆ ಒಂದು ತಮಾಷೆ ಅಂತಲೇ ತಿಳಿದಿದ್ದೆ, ನೆಂಟರ ಮುಂದೆ ಹೇಳಿ ನಗಿಸುತ್ತಲೂ ಇದ್ದೆ. ಪಕ್ಕದಲ್ಲಿ ಅವನು ಬೆವರು ಒರೆಸಿಕೊಳ್ಳುತ್ತಿದ್ದ. ನನಗೆ ನಗು ಬರಲಿಲ್ಲ.

“ಅಣ್ಣಾ, ನೀರು ತಣ್ಣಗೆ...” ಅಂತ ಶುರುಮಾಡಿ ನಿಲ್ಲಿಸಿದೆ. ಅಭ್ಯಾಸ ಹಾಗೆ. ಆಮೇಲೆ ಹೇಳಿದೆ. “ನಂಗೆ ಭಯ ಅಣ್ಣಾ. ಆಸ್ಪತ್ರೆಲಿ ಆ ಬಾಗ್ಲ ಮುಂದೆ ಕೂತಿದ್ನಲ್ಲ, ಇನ್ನೊಂದು ಸಲ ಅಂಗೆ ಕೂರೋಕೆ ನನ್ನ ಕೈಲಾಗಲ್ಲ.”

ಕೆಳಗಿನಿಂದ ಯಾರೋ ದೊಡ್ಡ ಕಾಟ್ಲಾ ಮೀನು ಹಿಡಿದರು ಅಂತ ಗದ್ದಲವೆದ್ದಿತು. ನಾವಿಬ್ಬರೂ ಆ ಕಡೆ ನೋಡಲಿಲ್ಲ.

“ಈಗ ಮೇಲಕ್ಕೆ ಓಗಣವಾ, ಕೆಳಕ್ಕೆ ಓಗಣವಾ?” ಅಂತ ಕೇಳಿದ. “ಮೇಲೆ ಕೆಳಗೆ ನೋಡ್ಬೇಡ. ನನ್ನ ಮುಖ ನೋಡಿ ಏಳು.”

ನಾನು ಅವನ ಮುಖ ನೋಡಿದೆ. ಅವನು ಎಷ್ಟು ಆಸೆಯಿಂದ ಆ ಖಾಕಿ ಅಂಗಿ ಹಾಕಿಕೊಂಡಿದ್ದ ಅಂತ ನನಗೆ ಗೊತ್ತಿತ್ತು. ಮೇಲೆ ಇನ್ನರ್ಧ ಏರಿ ಬಾಕಿಯಿತ್ತು.

“ಬೇಡ ಅಣ್ಣಾ,” ಅಂದೆ. “ಇವತ್ತು ಬೇಡ.”

ಬಯ್ಯುತ್ತಾನೆ ಅಂದುಕೊಂಡೆ, ಅಥವಾ ತಟ್ಟೆ ಬಿಟ್ಟು ಎದ್ದ ಹಾಗೆ ಎದ್ದು ಒಬ್ಬನೇ ಹತ್ತಿಬಿಡುತ್ತಾನೆ ಅಂದುಕೊಂಡೆ. ಅವನು ನೀರಿನ ಕಡೆಗೊಮ್ಮೆ ನೋಡಿದ. “ಸರಿ,” ಅಂದ. “ಇನ್ನೊಂದು ದಿನ ಬರಾಣ. ಆವತ್ತೂ ಭಯ ಆದ್ರೆ ಇಂಗೇ ಬಾಯಿ ಬಿಟ್ಟು ಏಳು.”

ಎದ್ದ. ಆಸ್ಪತ್ರೆಯಿಂದ ಬಂದಮೇಲೆ ಅವನು ಯಾರ ಕೈಯನ್ನೂ ಹಿಡಿದು ನಡೆದವನಲ್ಲ. ಅಕ್ಕ ತೋಳು ಹಿಡಿಯಲು ಬಂದರೆ ಕೊಡವಿಕೊಳ್ಳುತ್ತಿದ್ದ. ಈಗ ಅವನು ನನ್ನ ಹೆಗಲ ಮೇಲೆ ಕೈ ಇಟ್ಟ. ಸುಮ್ಮನೆ ಇಡಲಿಲ್ಲ, ಮೈಯ ಭಾರವನ್ನೆಲ್ಲ ಬಿಟ್ಟ. ಏರಿಯ ಕೆಳಗೆ ಬರುವವರೆಗೂ ಅವನು ಅದನ್ನು ತೆಗೆಯಲಿಲ್ಲ.